ಹದಿನೇಳನೇ ಮಗ್ಗದ ಎರಡನೇ ಕೈ

ಗಜೇಂದ್ರಗಡದ ನಮ್ಮ ನೇಕಾರರ ಸಹಕಾರಿ ಸಂಘದ ರಜಿಸ್ಟರಿನಲ್ಲಿ ಏಳು ಸುಳ್ಳು ಹೆಸರುಗಳಿದ್ದವು. ಆ ಏಳರಿಂದ ಯಾರಿಗೂ ಏನೂ ತೊಂದರೆಯಾಗಲಿಲ್ಲ. ತೊಂದರೆ ಬಂದದ್ದು ಸುಳ್ಳು ಬರೆಸಲು ಒಪ್ಪದ ಒಬ್ಬ ಹೆಣ್ಣುಮಗಳಿಂದ.

ಐವತ್ತೆರಡನೇ ಇಸವಿ. ನೂಲಿಗೆ ಕಂಟ್ರೋಲು. ಮುಂಬಯಿ ಸರಕಾರದಿಂದ ಬಂದ ನೂಲನ್ನು ಮಗ್ಗಕ್ಕಿಷ್ಟು ಎಂದು ಸಂಘ ಹಂಚಬೇಕು. ನಾನು ಸಂಘದ ಕಾರಕೂನ. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದವನಿಗೆ ಊರಲ್ಲಿ ಸಿಕ್ಕ ಕೆಲಸ ಅದೊಂದೇ. ಬಿ.ಎ. ಅಂದರೆ ‘ಬಿಡುವು ಅಪಾರ’ ಎಂದು ನಮ್ಮಪ್ಪ ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದ. ಆ ವರ್ಷ ಮೇಲಿನಿಂದ ಹೊಸ ಹುಕುಂ ಬಂತು: ಮಗ್ಗವೊಂದಕ್ಕೆ ದುಡಿಯುವ ಕೈ ಎರಡಿದ್ದರೆ ನೂಲು, ಇಲ್ಲದಿದ್ದರೆ ಆ ಮಗ್ಗ ‘ಬಂದ್’.

“ನನಗ ಎರಡೂ ಕೈ ಅದಾವಲ್ಲೋ,” ಎಂದು ಪಂಚಕಮಿಟಿಯ ಹುಚ್ಚಪ್ಪ ಎರಡನ್ನೂ ಎತ್ತಿ ತೋರಿಸಿದ.

“ಎರಡು ಮಂದಿ ಅಂತ ಅರ್ಥ, ಕಾಕಾ.”

“ಹಂಗಂತ ಬರೀಬೇಕಿಲ್ಲೋ ಸರಕಾರ.”

ಹುಕುಂ ಬರೆದವರು ಎಲ್ಲೋ ಒಂದು ಕಡೆ ನಮ್ಮ ಸೀರೆ ನೇಯುವುದನ್ನು ನೋಡಿದ್ದರು ಅನ್ನಬೇಕು. ನಮ್ಮಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಹೂಡುವ ಉದ್ದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯ ಕುಣಿಕೆಯಲ್ಲಿ ಸೆರಗಿನ ಒಂದೊಂದು ಕೆಂಪು ಎಳೆಯ ಕುಣಿಕೆ ಸಿಕ್ಕಿಸಿ ಎರಡನ್ನೂ ಕೂಡಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಒಬ್ಬರು ಆ ತುದಿಗೆ ಕೂತು ಎಳೆ ಬಿಗಿ ಹಿಡಿದು ಕೊಡಬೇಕು, ಇನ್ನೊಬ್ಬರು ಈ ತುದಿಗೆ ಕೂತು ಸಿಕ್ಕಿಸುತ್ತ ಹೋಗಬೇಕು. ಸಾವಿರಾರು ಎಳೆ. ಗಂಡ ಹೆಂಡತಿ ಮಾತು ಬಿಟ್ಟ ದಿನ ಓಣಿಯಲ್ಲಿ ಸೆರಗು ಕೂಡುವುದಿಲ್ಲ. ಯಾರ ಮನೆಯಲ್ಲಿ ಜಗಳವಾಗಿದೆ ಎಂದು ಸೀರೆ ನೋಡಿಯೇ ಹೇಳುವ ಮುದುಕಿಯರು ನಮ್ಮಲ್ಲಿದ್ದರು.

ನಮೂನೆಯ ಕಾಗದ ಹಿಡಿದು ನಾನು ಮನೆಮನೆ ತಿರುಗಿದೆ. ಹದಿನೇಳನೇ ನಂಬರಿನ ಮಗ್ಗ ಮರಿಯವ್ವನದು. ಅವಳ ಗಂಡ ಹೊಳಿಯಪ್ಪ ಹುಡುಗನಿದ್ದಾಗ ಗದಗಿನ ಕಡೆ ಮಿಶನ್ನಿನವರ ನೇಯ್ಗೆ ಕಾರಖಾನೆ ಸೇರಿ, ಹತ್ತು ವರ್ಷದ ಮೇಲೆ ಮಗ್ಗ, ಮತ, ಮರಿಯವ್ವ ಮೂರನ್ನೂ ಒಟ್ಟಿಗೇ ಕಟ್ಟಿಕೊಂಡು ಊರಿಗೆ ಬಂದವನು. ನಮ್ಮ ಓಣಿಗೆ ಅದೊಂದೇ ಕಿರಿಸ್ತಾನರ ಮನೆ. ಮಕ್ಕಳಿರಲಿಲ್ಲ. ಹಿಂದಿನ ವರ್ಷ ಹೊಳಿಯಪ್ಪ ತೀರಿಕೊಂಡಿದ್ದ. ಮಗ್ಗ ನಿಂತರೆ ಮರಿಯವ್ವನಿಗೆ ಬೇರೆ ಅನ್ನವಿರಲಿಲ್ಲ.

“ಆಯೀ, ಎರಡನೇ ಕೈ ಯಾರದಂತ ಬರೀಲಿ?”

“ದೇವದೂತಂದು ಬರಿ, ತಮ್ಮಾ.”

“ಯಾವೂರಾಂವ ಆಯಿ ಅಂವ?”

“ಚಾಷ್ಟಿ ಮಾಡಬ್ಯಾಡ.” ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅವಳು ಲಾಳಿ ಕೆಳಗಿಟ್ಟಳು. “ನಮ್ಮನಿಯವರು ಹೋದಮ್ಯಾಲೆ ಮೊದಲನೇ ಸೀರಿ ಹೂಡಿದೆ ನೋಡು, ಆ ತುದಿ ಹಿಡ್ಯಾಕ ಯಾರೂ ಇಲ್ಲ. ಮುಂಜಾನಿಂದ ಮಧ್ಯಾಹ್ನತನಕ ಕುಂತೆ. ಒಂದ ಎಳಿ ಸಿಗಸಿದ್ರ ಎರಡು ಜಾರತಿದ್ವು. ಅತ್ತಬಿಟ್ಟೆ. ಆಮ್ಯಾಲೆ ಪ್ರಾರ್ಥನಾ ಮಾಡಿದೆ. ಮಾಡಿ ಮತ್ತ ಎಳಿ ತಗೊಂಡ್ರ, ಆ ತುದಿ ಯಾರೋ ಬಿಗಿ ಹಿಡದಂಗಾತು. ಸಂಜೀ ಅನ್ನೂದರಾಗ ಸೆರಗು ಕೂಡಿತು. ಅವತ್ತಿನಿಂದ ಹನ್ನೊಂದು ಸೀರಿ ಇಳಿಸೇನಿ. ಹನ್ನೊಂದಕ್ಕೂ ಹಿಡದಾನ.”

ಆ ತುದಿಯ ಗೋಡೆಯಲ್ಲಿ ಒಂದು ಗೂಟ, ಗೂಟಕ್ಕೊಂದು ಬಿದಿರಿನ ಕಡ್ಡಿ, ಕಡ್ಡಿಗೆ ಎಳೆಗಳ ತುದಿ ಕಟ್ಟಿದ್ದು ನನಗೆ ಕಾಣುತ್ತಿತ್ತು.

“ಹಿಡಿಯೂದು ಗೂಟ ಅಲ್ಲೇನ ಆಯಿ?”

“ಗೂಟ ನಿಮ್ಮ ಹುಚ್ಚಪ್ಪ ಕಾಕಾನ ಮನ್ಯಾಗೂ ಐತಿ. ಅಲ್ಲಿ ಹಿಡೀತೇನು?”

ಅಲ್ಲಿ ಹಿಡಿದಿರಲಿಲ್ಲ. ಮರಿಯವ್ವನ ಗೂಟ ನೋಡಿ ಬಂದು ಹುಚ್ಚಪ್ಪನೂ ಒಂದು ಬಡಿದು ಎರಡು ದಿನ ಹೆಣಗಿದ್ದ. ಕೊನೆಗೆ ಗೋಜಾದ ಎಳೆ ಬಿಡಿಸಲು ನಾಲ್ಕು ಮಂದಿ ಕೂಡಬೇಕಾಯಿತು.

‘ದೇವದೂತ’ ಎಂದು ಬರೆದೆ. ಮುಂದೆ ವಯಸ್ಸಿನ ಕಾಲಮು ಇತ್ತು. ‘ಪ್ರಾಯಸ್ಥ’ ಎಂದು ತುಂಬಿದೆ. ಕಿಡಿಗೇಡಿತನವೇ ಅದು, ಒಪ್ಪುತ್ತೇನೆ. ಚೇರಮನ್ ಮಹಾದೇವಪ್ಪನವರು ನೋಡಿ ನಗುತ್ತಾರೆ, ಆಮೇಲೆ ಏನೋ ಒಂದು ಸರಿ ಮಾಡಿದರಾಯಿತು ಅಂದುಕೊಂಡಿದ್ದೆ.

ಸರಿ ಮಾಡುವುದರಲ್ಲಿ ನಮ್ಮ ಸಂಘ ಪಳಗಿತ್ತು. ಒಂದೇ ಕೈಯಿದ್ದ ಇನ್ನೂ ಏಳು ಮಗ್ಗಗಳಿಗೆ ಆಗಲೇ ಎರಡನೇ ಕೈ ಹುಟ್ಟಿದ್ದವು. ಚೇರಮನ್ನರ ಮಗ್ಗಕ್ಕೆ ಮೂರು ವರ್ಷದ ಹಿಂದೆ ಸತ್ತ ಅವರ ಅಣ್ಣ. ಹುಚ್ಚಪ್ಪನ ಮಗ್ಗಕ್ಕೆ ಸೊಲ್ಲಾಪುರದ ಗಿರಣಿಯಲ್ಲಿದ್ದ ಮಗ. ಒಬ್ಬರಂತೂ ಹೆಂಡತಿಯ ಹೊಟ್ಟೆಯಲ್ಲಿದ್ದ ಕೂಸಿಗೆ ‘ಬಸಪ್ಪ’ ಎಂದು ಹೆಸರಿಟ್ಟು ಬರೆಸಿದ್ದರು, ಅದು ಮುಂದೆ ಹೆಣ್ಣಾಯಿತು. ಒಂದೊಂದು ಹೆಸರಿಗೂ ಆಯಾ ಕುಲದ ಹಿರಿಯರ ದಾಖಲೆ ಲಗತ್ತಾಗಿತ್ತು. ಭೂತಗಳಿಗೆಲ್ಲ ದಾಖಲೆ ಇತ್ತು, ದೂತನಿಗೆ ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಧಾರವಾಡದಿಂದ ಕಾಗದ ಬಂತು. ಇನ್ಸ್ಪೆಕ್ಟರ ಸಾಹೇಬರು ಖುದ್ದಾಗಿ ಬಂದು ಮಗ್ಗ ಮಗ್ಗದ ಮುಂದೆ ನಿಂತು ಕೈ ಎಣಿಸುತ್ತಾರಂತೆ. ಪಂಚಕಮಿಟಿ ಕೂಡಿತು. ಮಹಾದೇವಪ್ಪನವರು ರಜಿಸ್ಟರಿನ ಮೇಲೆ ಬೆರಳಾಡಿಸುತ್ತ ಹದಿನೇಳರಲ್ಲಿ ನಿಂತರು. ನಗಲಿಲ್ಲ.

“ದೇವದೂತ ಅಂದ್ರ, ಮರಿಯವ್ವನ ಮತದ ಆ ಉಪದೇಶಿ ತಿಂಗಳಿಗೊಮ್ಮೆ ಬಂದು ಚಿತ್ರಾ ತೋರಸ್ತಾರಲ್ಲ, ಬೆನ್ನಿಗೆ ರೆಕ್ಕಿ, ಗುಂಗರಗೂದಲಾ, ಅವನಽ?” ಎಂದ ಹುಚ್ಚಪ್ಪ.

“ಅವನಽ ಕಾಕಾ.”

“ಅಷ್ಟಗಲ ರೆಕ್ಕಿ ಕಟಗೊಂಡು ಮಗ್ಗದ ಕುಣ್ಯಾಗ ಹ್ಯಾಂಗ ಇಳೀತಾನೋ?”

“ಕುಣ್ಯಾಗ ಮರಿಯವ್ವ ಇಳೀತಾಳ. ಅಂವ ಆ ತುದೀಗೆ ಕುಂಡ್ರತಾನ.”

“ಹಂಗಾರ ಅಡ್ಡಿಯಿಲ್ಲ.” ಹುಚ್ಚಪ್ಪ ಎಲೆಗೆ ಸುಣ್ಣ ಹಚ್ಚಿದ. “ಆದ್ರ ಅಂವ ನೇಕಾರ ಕಸಬಿನಂವ ಹೌದೋ ಅಲ್ಲೋ? ಸಂಘದ ನಿಯಮ ಐತಿ.”

“ಅದಕ್ಕಿಂತ ಮೊದಲು, ಊರಿನ ಕಾಯಂ ರಹವಾಸಿಯೋ, ಬಂದು ಹೋಗಾಂವೋ?” ಎಂದರು ಮಹಾದೇವಪ್ಪ. “ಬಂದು ಹೋಗಾಂವಗ ನೂಲು ಕೊಟ್ರ ಆಡಿಟಿನವರು ಕೇಳತಾರ.”

ಅವನು ಇದ್ದಾನೋ ಇಲ್ಲವೋ ಎಂಬ ಪ್ರಶ್ನೆ ಆ ಸಭೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಮಗ್ಗದ ಹಲಗೆಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮಂದಿ, ಅವರಿಗೆ ಮಗ್ಗದ ಮಗ್ಗುಲಲ್ಲಿ ಯಾರೋ ಕೂತಿರುವುದು ಹೊಸ ಸಂಗತಿಯಲ್ಲ. ಇದ್ದಾನೋ ಇಲ್ಲವೋ ಎಂಬುದು ಕಾಲೇಜು ಕಲಿತ ನನಗೊಬ್ಬನಿಗೇ ಇದ್ದ ರೋಗ.

ಕೊನೆಗೆ, ಮಗ್ಗುಲ ಮನೆಯ ಗುಡ್ಡವ್ವ ಒಂದು ತಾಸು ಆ ತುದಿಗೆ ಕೂಡ್ರಲಿ, ಅವಳ ಹೆಸರೇ ಬರೆದುಬಿಡು ಎಂದು ಠರಾವಾಯಿತು. ಸುದ್ದಿ ಮುಟ್ಟಿಸಲು ನಾನು ಹೋದೆ.

“ಗುಡ್ಡವ್ವ ಚಲೋ ಹೆಂಗಸು,” ಎಂದಳು ಮರಿಯವ್ವ. “ಆದ್ರ ಆಕಿ ನನ್ನ ಒಂದು ಎಳಿ ಹಿಡದಾಳೇನು? ಹನ್ನೊಂದು ಸೀರಿ ಹಿಡದಾಂವನ್ನ ಹೊರಗ ಹಾಕಿ, ಒಂದು ತಾಸು ಕುಂಡ್ರಾಕೀನ್ನ ಬರಿಯೂದೇನ? ಹನ್ನೆರಡನೇ ಸೀರೀಗೆ ಅಂವ ಬರಲಿಲ್ಲ ಅಂದ್ರ ನಿಮ್ಮ ಸಂಘ ಬಂದು ಹಿಡೀತೈತೇನು?”

“ನೂಲು ಬಂದಾಗತೈತಿ ಆಯಿ.”

“ನೂಲು ಬಂದಾದ್ರ ಹನ್ನೆರಡನೇ ಸೀರೀನೂ ಇಲ್ಲ. ಗೊತ್ತೈತಿ.”

ಇಷ್ಟು ಹೇಳಿ, ಕುಣಿಯ ಸುತ್ತ ಬಿದ್ದ ನೂಲಿನ ತುಣುಕುಗಳನ್ನು ಒಂದೊಂದಾಗಿ ಆರಿಸಿ ಸೆರಗಿನ ಗಂಟಿಗೆ ಹಾಕಿಕೊಳ್ಳತೊಡಗಿದಳು. ಬಿಸಾಡುವಂಥ ತುಣುಕುಗಳವು. ಅದನ್ನು ನೋಡಿದ ಮೇಲೆ ನನಗೆ ತಮಾಷೆ ಸಾಕೆನ್ನಿಸಿತು.

“ಉಳದದ್ದು ಒಂದಽ ದಾರಿ,” ಎಂದರು ಮಹಾದೇವಪ್ಪ, ನಾನು ತಿರುಗಿ ಬಂದು ಹೇಳಿದ್ದನ್ನು ಕೇಳಿ. “ನಮ್ಮ ನಮ್ಮ ಹೆಸರಿಗೆ ನಮ್ಮ ಹಿರೇರು ದಾಖಲೆ ಕೊಟ್ಟಾರ. ಆಕಿ ಹಿರೇರು ಅಂದ್ರ ಆ ಉಪದೇಶಿ. ಅವರು ಬರದು ಕೊಡಲಿ. ಕಾಗದ ಹಾಕು.”

ಉಪದೇಶಿ ಸತ್ಯಮಿತ್ರ ಅವರನ್ನು ಓಣಿಯವರೆಲ್ಲ ಬಲ್ಲರು. ತಿಂಗಳ ಮೊದಲ ಐತವಾರ ರೋಣದ ಮೇಲಿಂದ ಬರುವ ಬಸ್ಸಿಗೆ ಬಂದು, ಮರಿಯವ್ವನ ಮನೆಯ ಕಟ್ಟೆಯ ಮೇಲೆ ನಿಂತು, ಬಣ್ಣದ ಚಿತ್ರ ತೋರಿಸಿ ಉಪದೇಶ ಮಾಡಿ, ಮಧ್ಯಾಹ್ನದ ಬಸ್ಸಿಗೆ ಹೋಗುವವರು. ಅವರಿಗೆ ಎರಡು ದನಿಗಳಿದ್ದವು. ಒಂದು ಕಟ್ಟೆಯ ದನಿ: “ಪ್ರಿಯರೇ, ನಿಮ್ಮ ಪ್ರತಿಯೊಂದು ಹೆಜ್ಜೆಯಲ್ಲಿಯೂ ದೇವರ ದೂತನು ನಿಮ್ಮ ಪಕ್ಕದಲ್ಲಿದ್ದಾನೆ.” ಇನ್ನೊಂದು ಬಸ್‌ಸ್ಟ್ಯಾಂಡಿನ ದನಿ: “ಏ, ನನಗೊಂದು ಸೀಟ ಹಿಡಿಯೋ ಯಪ್ಪಾ, ಯಾರೂ ಹಿಡ್ಯಾವ್ರಿಲ್ಲ.” ಎರಡನ್ನೂ ಒಂದರ ಹಿಂದೊಂದು ಚಹಾದ ಅಂಗಡಿಯಲ್ಲಿ ನಾನು ಮಾಡಿ ತೋರಿಸುತ್ತಿದ್ದೆ. ಒಮ್ಮೆ ಮರಿಯವ್ವನ ಮುಂದೆಯೂ ಮಾಡಿದ್ದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕು, “ಪಾಪ, ಹಂಗ ಮಾಡಬಾರದೋ,” ಎಂದು, “ಇನ್ನೊಮ್ಮೆ ಮಾಡು,” ಎಂದಿದ್ದಳು.

ಇನ್ಸ್ಪೆಕ್ಟರರೂ ಉಪದೇಶಿಯೂ ಒಂದೇ ದಿನ ಒಂದೇ ಬಸ್ಸಿನಿಂದ ಇಳಿದರು. ಸಾಹೇಬರನ್ನು ಚೇರಮನ್ನರು ಉಪ್ಪಿಟ್ಟಿಗೆ ಕರೆದೊಯ್ದರು. ಉಪದೇಶಿಯನ್ನು ನಾನು ಮರಿಯವ್ವನ ಮನೆಗೆ ಕರೆದೊಯ್ದೆ.

ಅವರು ಕೂತು, ಬೆವರು ಒರೆಸಿಕೊಂಡು, ಕಟ್ಟೆಯ ದನಿಯಲ್ಲೇ ಆರಂಭಿಸಿದರು. “ಮರಿಯವ್ವಾ, ದೇವದೂತರು ಆತ್ಮಸ್ವರೂಪಿಗಳು. ಅದೃಶ್ಯರಾಗಿ ನಮ್ಮನ್ನು ಕಾಯುವವರು. ಆದರೆ ಸರಕಾರದ ರಜಿಸ್ಟರಿನಲ್ಲಿ ಅವರ ಹೆಸರು...”

“ಸೆರೀಮನ್ಯಾಗ ಶಿಷ್ಯ ಪೇತ್ರನ ಸಂಕೋಲಿ ಬಿಚ್ಚಿದಾಂವ ಯಾರ್ರಿ?”

“ದೇವದೂತನು.”

“ಪ್ರವಾದಿ ಎಲೀಯ ಹಸಗೊಂಡು ಗಿಡದ ಕೆಳಗ ಬಿದ್ದಾಗ ರೊಟ್ಟಿ ಕೊಟ್ಟಾಂವ?”

“ಅವನೂ ದೇವದೂತನೇ. ಆದರೆ ಮರಿಯವ್ವಾ, ಅದು ಆ ಕಾಲ...”

“ರೊಟ್ಟಿ ಮಾಡಾಕ ಬರೂದಾದ್ರ ಎಳಿ ಹಿಡ್ಯಾಕ ಬರಾಂಗಿಲ್ಲೇನ್ರಿ? ಹ್ವಾದ ತಿಂಗಳ ಇದಽ ಕಟ್ಟಿ ಮ್ಯಾಲೆ ನೀವು ಹೇಳಿದ್ರಿ, ಹೆಜ್ಜಿ ಹೆಜ್ಜಿಗೆ ಇರತಾನ ಅಂತ.”

ಕಟ್ಟೆಯ ದನಿ ಅಲ್ಲಿಗೆ ಮುಗಿಯಿತು. ಬಸ್‌ಸ್ಟ್ಯಾಂಡಿನ ದನಿ ಹೊರಬಂತು. “ನೋಡವಾ, ನಾ ಸಂಸಾರಸ್ಥ. ಕಟ್ಟಿ ಮ್ಯಾಲೆ ಹೇಳೂದು ಬ್ಯಾರೆ, ಸರಕಾರಕ್ಕ ಬರದು ಕೊಡೂದು ಬ್ಯಾರೆ. ನಾಳೆ ನಮ್ಮ ದೊಡ್ಡವರು ಕರೆಸಿ, ‘ಸತ್ಯಮಿತ್ರ, ನೀನು ಕಣ್ಣಾರೆ ನೋಡೀಯೇನು?’ ಅಂತ ಕೇಳಿದ್ರ ಏನ ಹೇಳಲಿ?”

“ನೋಡಿಲ್ಲೇನ್ರಿ ನೀವು?” ಎಂದಳು ಮರಿಯವ್ವ.

ಅವಳು ಚುಚ್ಚಲೆಂದು ಕೇಳಲಿಲ್ಲ. ಖರೇ ಆಶ್ಚರ್ಯಪಟ್ಟು ಕೇಳಿದಳು. ಅದೇ ಅವರಿಗೆ ಹೆಚ್ಚು ತಾಗಿತೆಂದು ಕಾಣುತ್ತದೆ. ಚಾಳೀಸು ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಬರೆದುಕೊಡಲಿಲ್ಲ.

ಇತ್ತ ತಪಾಸಣೆ ಶುರುವಾಗಿತ್ತು. ಅದರ ಸೂತ್ರಧಾರ ನಾನೇ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆಗ ಹೆಮ್ಮೆಯಾಗುತ್ತಿತ್ತು. ನಾಟಕ ಕಂಪನಿ ಮುಳುಗಿ ಊರಿಗೆ ಬಂದು ಕೂತಿದ್ದ ಲಕ್ಷ್ಮಪ್ಪನೆಂಬ ನಟನಿದ್ದ. ಏಳು ಸುಳ್ಳು ಕೈಗಳಿಗೂ ಅವನೊಬ್ಬನೇ ಆಳು. ಸಾಹೇಬರು ಮುಂಬಾಗಿಲಿನಿಂದ ಹೊರಗೆ ಬೀಳುವಷ್ಟರಲ್ಲಿ ಇವನು ಹಿತ್ತಲಿನಿಂದ ಹಾರಿ, ಮುಂದಿನ ಮನೆಯ ರುಮಾಲು ಸುತ್ತಿಕೊಂಡು, ಆ ಮನೆಯ ಮಗ್ಗದ ತುದಿಗೆ ಕೂತಿರುತ್ತಿದ್ದ. ಏಳು ದನಿ ನಾನು ಕಲಿಸಿದ್ದೆ. ಒಂದು ಮನೆಯಲ್ಲಿ ಉಗ್ಗ, ಒಂದು ಮನೆಯಲ್ಲಿ ಕಿವುಡ, ಚೇರಮನ್ನರ ಮನೆಯಲ್ಲಿ ಅವರ ಸತ್ತ ಅಣ್ಣನಂತೆಯೇ ಎರಡು ಮಾತಿಗೊಂದು ಕೆಮ್ಮು. ಆ ಕೆಮ್ಮು ಕೇಳಿ ಒಳಗೆ ಅಡುಗೆಮನೆಯಲ್ಲಿದ್ದ ಅಣ್ಣನ ಹೆಂಡತಿ ತಲೆ ಮೇಲೆ ಸೆರಗು ಎಳೆದುಕೊಂಡಳಂತೆ.

ಇಂಥ ಐದನೇ ಮಗ್ಗದ ಮುಂದೆ ಸಾಹೇಬರು ನಿಂತು ಲಕ್ಷ್ಮಪ್ಪನನ್ನು ದಿಟ್ಟಿಸಿದರು. ಪುಣೆಯ ಕಡೆಯವರು, ಅವರ ಕನ್ನಡ ಮರಾಠಿಯ ಒಗ್ಗರಣೆಯಲ್ಲಿ ಚಟಪಟ ಅನ್ನುತ್ತಿತ್ತು.

“ಕಾಯ ಹೋ ಚೇರಮನ್, ನಿಮ್ಮ ಗಾವದಾಗ ಸಗಳೇ, ಎಲ್ಲಾ ಮಂದೀದೂ ಮಾರಿ ಒಂದಽ ಅದ?”

“ಎಲ್ಲಾರೂ ಕುಡಿಯೂದು ಒಂದಽ ಬಾವಿ ನೀರ್ರೀ ಸಾಹೇಬ್ರ,” ಎಂದರು ಮಹಾದೇವಪ್ಪ.

“ಬರಂ ಬರಂ, ಆಗಲಿ,” ಎಂದು ಅವರು ‘ಹಾಜರ್’ ಎಂದು ಬರೆದರು. ಅವರಿಗೆ ಗೊತ್ತಾಗಿತ್ತೆಂದೇ ನನ್ನ ಎಣಿಕೆ. ಆದರೆ ಅವರ ಕಾಗದಕ್ಕೆ ಬೇಕಾಗಿದ್ದದ್ದು ಒಂದು ಹೆಸರು, ಒಂದು ಮೈ, ಹಿರಿಯರ ಒಂದು ಸಹಿ. ಮೂರೂ ಇದ್ದವು.

ಹೀಗೆ ಎಲ್ಲ ಮಗ್ಗ ಮುಗಿಸಿ ಹದಿನೇಳಕ್ಕೆ ಬಂದಾಗ ಅರ್ಧ ಓಣಿ ನಮ್ಮ ಹಿಂದೆ ಇತ್ತು. ಮರಿಯವ್ವ ಕುಣಿಯಲ್ಲಿ ಕೂತಿದ್ದಳು. ಆ ತುದಿ ಖಾಲಿ.

“ದುಸರಾ ಕೈ ಎಲ್ಲಿ, ಬಾಯಿ?”

“ಅದಾನ್ರಿ.”

ಸಾಹೇಬರು ನಮೂನೆ ನೋಡಿದರು. “ನಾಂವ, ದೇವದೂತ. ವಯ, ಪ್ರಾಯಸ್ಥ.” ಕಾಗದದ ಮೇಲಿನಿಂದ ನನ್ನನ್ನು ನೋಡಿದರು. ನಾನು ಜಂತಿ ಎಣಿಸುತ್ತಿದ್ದೆ.

ಮರಿಯವ್ವ ಎಲ್ಲವನ್ನೂ ಹೇಳಿದಳು, ನನಗೆ ಹೇಳಿದ ಹಾಗೆಯೇ. ಸಾಹೇಬರು ಗೂಟ ನೋಡಿದರು, ಕಡ್ಡಿ ನೋಡಿದರು, ಅವಳು ಮುಗಿಸಿಟ್ಟ ಸೀರೆಯ ಸೆರಗು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಕೊಂಡಿಯ ಸಾಲು ನೋಡಿದರು. ಒಂದೂ ಎಳೆ ತಪ್ಪಿರಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಚೀಲದಿಂದ ಬೇರೊಂದು ಅಚ್ಚಾದ ಕಾಗದ ತೆಗೆದರು.

“ಹಿಂಗ ಮಾಡು ಬಾಯಿ. ಒಂಟಿ ವಿಧವಾ ಹೆಂಗಸರಿಗೆ ಸರಕಾರದ ಸವಲತ್ತು ಅದ. ಒಂದಽ ಕೈ ಇದ್ದರೂ ಚಾಲತದ, ಪೂರಾ ನೂಲು ಸಿಗತದ. ಇದರ ಮ್ಯಾಲೆ ಸಹಿ ಮಾಡು. ಬಸ್.”

ಬಾಗಿಲಲ್ಲಿ ನಿಂತವರೆಲ್ಲ ಉಸಿರು ಬಿಟ್ಟರು. ಮಿಶನ್ನಿನ ಸಾಲಿ ಕಲಿತ ಮರಿಯವ್ವನಿಗೆ ಓದು ಬರುತ್ತಿತ್ತು. ಚಾಳೀಸು ಏರಿಸಿ ಅಕ್ಷರಕ್ಕೊಂದು ಬೆರಳಿಟ್ಟು ಓದಿದಳು. “ನನಗೆ... ಯಾರ ಆಧಾರವೂ... ಇರುವುದಿಲ್ಲ. ನಾನು ಒಬ್ಬಳೇ... ನೇಯುತ್ತೇನೆ.”

“ಮಾಡಿಬಿಡು ಮರಿಯವ್ವಾ,” ಎಂದರು ಮಹಾದೇವಪ್ಪ.

ಅವಳು ಕಾಗದ ಹಿಂದಕ್ಕೆ ಕೊಟ್ಟಳು. “ಇದು ಸುಳ್ಳೈತ್ರಿ.”

“ಎಂಥಾ ಸುಳ್ಳು? ಬರೇ ಕಾಗದ.”

“ಕಾಗದಽ ಹೌದ್ರಿ. ಒಬ್ಬಾಕಿನಽ ನೇಯ್ದಿದ್ರ ಸಹಿ ಮಾಡತಿದ್ದೆ. ಮೊನ್ನಿ ಬುಧವಾರನೂ ಹಿಡದಾನ. ಅವನ ಕೈಲೆ ಹಿಡಿಸಿಕೊಂಡು, ಅವನ ಮುಂದಽ ಕುಂತು, ನನಗ ಯಾರೂ ಇಲ್ಲ ಅಂತ ಹ್ಯಾಂಗ ಬರದು ಕೊಡ್ಲಿ? ನಮ್ಮನಿಯವರು ಹೋದ ದಿವಸ ಸೈತ ನಾ ಅಷ್ಟು ಅಂದಿಲ್ಲ.”

ಈ ಮಾತಿಗೆ ಹಿಂದೆ ನಿಂತ ಏಳು ಮಂದಿ ರುಮಾಲು ಸರಿ ಮಾಡಿಕೊಂಡರು. ಎಲ್ಲವೂ ಲಕ್ಷ್ಮಪ್ಪನ ತಲೆಯಿಂದ ಆಗಷ್ಟೇ ವಾಪಸು ಬಂದ ರುಮಾಲುಗಳು.

“ಮಗ್ಗ ಬಂದ್ ಅಂತ ಬರೀಬೇಕಾಗತದ ಬಾಯಿ,” ಎಂದರು ಸಾಹೇಬರು ಮೆಲ್ಲಗೆ.

“ಬರೀರಿ.”

ಹಾಗೆ ಅಂದವಳ ಕೈ ಮಗ್ಗದ ಹಲಗೆಯನ್ನು ಬಿಗಿಯಾಗಿ ಹಿಡಿದಿತ್ತು. ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು.

“ತಡೀರಿ ಸಾಹೇಬ್ರ.” ಹುಚ್ಚಪ್ಪ ಮುಂದೆ ಬಂದ. “ನಮ್ಮ ಎರಡನೇ ಕೈಗೆ ನಮ್ಮ ಹಿರೇರ ಸಹಿ ನಡೀತು. ಈಕಿ ಹಿರೇರು ಇಲ್ಲೇ ಅದಾರ, ಕೇಳ್ರಿ. ವರ್ಷಾನಗಟ್ಟಲೆ ನಮಗೂ ಹೇಳ್ಯಾರ ಅವರು, ಚಿತ್ರಾ ತೋರಿಸಿ.”

ಎಲ್ಲರೂ ತಿರುಗಿದರು. ಉಪದೇಶಿ ಸತ್ಯಮಿತ್ರ ಚೀಲ ಬಗಲಿಗೇರಿಸಿ ಬಾಗಿಲ ಸಂದಿಯಿಂದ ಎರಡು ಗಂಟೆಯ ಬಸ್ಸಿನ ಕಡೆ ಮುಖ ಮಾಡಿದ್ದರು.

ಅವರ ಫಜೀತಿ ನನಗೆ ತಿಳಿಯಿತು. ಹೌದಂದರೆ ಸರಕಾರಕ್ಕೆ ಜವಾಬು ಕೊಡಬೇಕು. ಇಲ್ಲವೆಂದರೆ ಓಣಿಗೆ. ಓಣಿಯಲ್ಲಿ ಒಬ್ಬನೂ ಅವರ ಮತಕ್ಕೆ ಸೇರಿರಲಿಲ್ಲ, ಆದರೆ ಅವರ ದೇವದೂತನ ಮೇಲೆ ಒಬ್ಬನಿಗೂ ಸಂಶಯವಿರಲಿಲ್ಲ. ಅಷ್ಟು ಮಂದಿ ನಂಬಿದವರ ನಡುವೆ ಸಿಕ್ಕಿಬಿದ್ದ ಉಪದೇಶಕನನ್ನು ನಾನು ಮತ್ತೆಲ್ಲೂ ನೋಡಲಿಲ್ಲ.

“ಬೋಲಾ ಮಹಾರಾಜ,” ಎಂದರು ಸಾಹೇಬರು. “ಅದಾನೋ, ಇಲ್ಲೋ?”

ಸತ್ಯಮಿತ್ರ ಸಾಹೇಬರ ಕಡೆ ನೋಡಲಿಲ್ಲ, ನಮ್ಮ ಕಡೆಯೂ ನೋಡಲಿಲ್ಲ. ಮರಿಯವ್ವನ ಕಡೆ ನೋಡಿದರು. ಅವಳು ಅವರಿಂದ ಏನನ್ನೂ ಬೇಡುವಂತೆ ಕಾಣುತ್ತಿರಲಿಲ್ಲ. ತನಗೆ ಗೊತ್ತಿದ್ದದ್ದು ಅವರಿಗೂ ಗೊತ್ತಿರುತ್ತದೆ ಎಂದು ಸುಮ್ಮನೆ ಕಾಯುತ್ತಿದ್ದಳು.

“ಅದಾನ್ರಿ,” ಎಂದರು.

ಅದು ಕಟ್ಟೆಯ ದನಿಯಲ್ಲ, ಬಸ್‌ಸ್ಟ್ಯಾಂಡಿನದೂ ಅಲ್ಲ. ಮೂರನೆಯ ಯಾವುದೋ ದನಿ. ಮುಂದೆ ಎಷ್ಟು ಸಲ ಪ್ರಯತ್ನಪಟ್ಟರೂ ಅದು ನನ್ನ ಗಂಟಲಿಗೆ ಬರಲಿಲ್ಲ.

“ಬರದು ಕೊಡ್ರಿ.”

ಅವರು ಕಟ್ಟೆಯ ಮೇಲೆ ಕೂತು, ನನ್ನ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದರು: ‘ಹದಿನೇಳನೆಯ ನಂಬರಿನ ಮಗ್ಗದಲ್ಲಿ ಮರಿಯವ್ವ ಕೋಂ ಹೊಳಿಯಪ್ಪ ಇವರ ಸಂಗಡ ದೇವದೂತನು ಕೆಲಸ ಮಾಡುತ್ತಿರುವನೆಂದು ನಾನು ನಂಬುತ್ತೇನೆ.’

ಸಾಹೇಬರು ಓದಿ ತಲೆ ಅಲ್ಲಾಡಿಸಿದರು. “‘ನಂಬುತ್ತೇನೆ’ ಚಾಲಾಂಗಿಲ್ಲ ಮಹಾರಾಜ. ಆಫೀಸಿನವರು ವಾಪಸು ಕಳಸತಾರ. ಬಾಕಿ ಎಲ್ಲಾ ದಾಖಲೆಯೊಳಗ ‘ಬಲ್ಲೆನು’ ಅಂತ ಅದ.”

ಬಾಕಿ ಎಲ್ಲ ದಾಖಲೆಯಲ್ಲಿ ಅದು ಇದ್ದದ್ದು ನಿಜ. ಸತ್ತ ಅಣ್ಣನನ್ನು ‘ಬಲ್ಲೆವು’, ಹೊಟ್ಟೆಯೊಳಗಿನ ಬಸಪ್ಪನನ್ನು ‘ಚೆನ್ನಾಗಿ ಬಲ್ಲೆವು’.

ಉಪದೇಶಿಯ ಕೈ ಕಾಗದದ ಮೇಲೆ ಬಹಳ ಹೊತ್ತು ನಿಂತಿತು. ಬಸ್ಸಿನ ಹಾರ್ನು ಎರಡು ಸಲ ಕೇಳಿತು, ಬಸ್ಸು ಹೋದ ಸಪ್ಪಳವೂ ಕೇಳಿತು. ಆಮೇಲೆ ‘ನಂಬುತ್ತೇನೆ’ಯ ಮೇಲೆ ಗೀಟು ಎಳೆದು, ಪಕ್ಕದಲ್ಲಿ ‘ಬಲ್ಲೆನು’ ಎಂದು ಬರೆದು, ತಿದ್ದಿದ್ದಕ್ಕೊಂದು ಸಣ್ಣ ಸಹಿ, ಕೆಳಗೊಂದು ದೊಡ್ಡ ಸಹಿ ಹಾಕಿದರು. ಸಾಹೇಬರು ಹದಿನೇಳರ ಮುಂದೆ ‘ಹಾಜರ್’ ಎಂದು ಬರೆದರು.

ಮರಿಯವ್ವ ಕುಣಿಯಿಂದ ಎದ್ದು ಬಂದು ಎಲ್ಲರಿಗೂ ನೀರು ಕೊಟ್ಟಳು. ಆ ತುದಿಯನ್ನು ಸುತ್ತಿ ದಾಟಿಯೇ ಬಂದಳು, ಅಲ್ಲಿ ಯಾರೋ ಕಾಲು ಚಾಚಿ ಕೂತಿದ್ದರೆ ನಾವು ಹೇಗೆ ದಾಟುತ್ತೇವೋ ಹಾಗೆ.

ಸುದ್ದಿ ಹಬ್ಬಿದ್ದೇ ತಡ, ನಾಲ್ಕು ಮಂದಿ ಆಫೀಸಿಗೆ ಬಂದರು. ಹುಚ್ಚಪ್ಪ ಎಲ್ಲರಿಗಿಂತ ಮುಂದೆ. “ಸೊಲ್ಲಾಪುರದ ಮಗನ ಹೆಸರು ತಗದು ನಮ್ಮ ದೇವಿ ಬನಶಂಕರವ್ವಂದು ಹಾಕೋ. ಆಕೀನಽ ನಮ್ಮ ಮಗ್ಗ ನಡಸಾಕಿ. ಸುಳ್ಳು ಯಾಕ ಬೇಕು?”

“ಹಾಕತೀನಿ ಕಾಕಾ. ಆಕಿ ಗುಡಿ ಪೂಜಾರೆಪ್ಪಾರ ಕಡೆಯಿಂದ ‘ಬಲ್ಲೆನು’ ಅಂತ ಬರೆಸಿಕೊಂಡು ಬಾ.”

ಹೋದವನು ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದ. “ಆತು, ಮಗನ ಹೆಸರಽ ಇರ್ಲಿ ಬಿಡು.”

“ಯಾಕ, ಪೂಜಾರೆಪ್ಪ ಏನಂದ್ರು?”

“ಏನ ಅಂತಾನ. ‘ನಾ ಪೂಜಿ ಮಾಡಾಂವ ಅಷ್ಟ, ಸಾಕ್ಷಿ ಹೇಳಾಂವ ಅಲ್ಲ’ ಅಂದ.”

ಆದರೆ ಅದಕ್ಕೂ ಮೊದಲು, ಬಸ್ಸು ತಪ್ಪಿದ ಸತ್ಯಮಿತ್ರ ನಾಲ್ಕು ಗಂಟೆಯ ಬಸ್ಸಿಗೆ ಕಾಯುತ್ತ ನಮ್ಮ ಆಫೀಸಿನ ಕಟ್ಟಿಗೆಯ ಬಾಂಕಿನ ಮೇಲೆ ಕೂತಿದ್ದರು. ನಾನು ಚಹಾ ತರಿಸಿದೆ. ಕುಡಿದರು. ನಾನು ಚಾಷ್ಟಿ ಮಾಡುವವನೆಂದು ಅವರಿಗೆ ಗೊತ್ತಿತ್ತು, ಆದ್ದರಿಂದ ನಾನು ತಲೆ ತಗ್ಗಿಸಿ ದಾಖಲೆಗಳಿಗೆ ನಂಬರು ಹಾಕುತ್ತಿದ್ದೆ. ಅವರ ಕಾಗದ ಬಂದಾಗ ಅವರ ಕಣ್ಣು ಅದರ ಹಿಂದೆಯೇ ಹೋಯಿತು.

“ಕಾರಕೂನರ,” ಎಂದರು. “ಅದರದೊಂದು ನಕಲು ಸಿಗತೈತೇನು?”

“ನಕಲು ಯಾಕ್ರಿ? ಬರದಾವ್ರು ನೀವಽ ಅಲ್ಲರಿ?”

“ಅದಕ್ಕಽ ಕೇಳಿದೆ.”

ಹೊಸ ಹಾಳೆ ತೆಗೆದು ನಕಲು ಮಾಡತೊಡಗಿದೆ. ಗೀಟು ಎಳೆದ ಜಾಗಕ್ಕೆ ಬಂದಾಗ ಪೆನ್ನು ಎತ್ತಿ ಕೇಳಿದೆ. “ಹೊಡೆದು ಹಾಕಿದ ಶಬ್ದ ಬಿಟ್ಟಬಿಡ್ಲೆನ್ರಿ?”

ಅವರು ಚಹಾದ ಬಟ್ಟಲು ಕೆಳಗಿಟ್ಟರು.

“ಬ್ಯಾಡ್ರಿ,” ಎಂದರು. “ಅದೂ ಇರ್ಲಿ. ಗೀಟು ಹೊಡದಽ ಬರೀರಿ.”

ಹಾಗೆಯೇ ಬರೆದೆ. ಕೆಳಗೆ ‘ಅಸಲ ಬರಹುಕೂಂ ನಕಲು’, ಅಂದರೆ ಮೂಲದಲ್ಲಿದ್ದಂತೆಯೇ ನಕಲು, ಎಂದು ಹಾಕಿ, ಸಂಘದ ದುಂಡು ಶಿಕ್ಕೆ ಒತ್ತಿಕೊಟ್ಟೆ. ಅವರು ಮಸಿ ಆರುವವರೆಗೆ ಊದಿದರು, ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿಕೊಂಡರು, ನಾಲ್ಕು ಮಡಿಕೆ ಮಾಡಿ ಕೋಟಿನ ಒಳಗಿನ ಕಿಸೆಗೆ ಇಟ್ಟುಕೊಂಡು ಬಸ್ಸಿಗೆ ಹೋದರು.